ಯಾರ ಬಡಿತ

ಸೀನು ಬರುವ ಹಾಗಾಯಿತು. ಹಾಳಾದ್ದು, ಈಗಲೇ ಬರಬೇಕಿತ್ತೇ? ಮಲಗಿದ್ದ ಹೆಂಗಸಿನ ಹೊಟ್ಟೆಯ ಮೇಲೆ ಬಲಗೈಯಲ್ಲಿ ಸ್ಕ್ಯಾನ್ ಮೆಷಿನ್ನಿನ ಪ್ರೋಬ್ ಹಿಡಿದುಕೊಂಡೇ ಅವಳು ಎಡಗೈ ಬೆರಳನ್ನು ಮೂಗಿನ ಕೆಳಗೆ ಒತ್ತಿ ಉಸಿರು ಕಟ್ಟಿದಳು. ಕಣ್ಣಲ್ಲಿ ನೀರು ತುಂಬಿ, ಸ್ಕ್ರೀನಿನ ಮೇಲಿದ್ದ ಮಗುವಿನ ತಲೆ ಎರಡೆರಡಾಗಿ ಕಂಡಿತು. ಸೀನಿದರೆ ತನ್ನ ಬಸುರಿ ಹೊಟ್ಟೆ ಕುಲುಕುತ್ತದೆ, ಹೊಟ್ಟೆ ಕುಲುಕಿದರೆ ಒಳಗಿನ ನೀರಿನ ಚೀಲ ಒತ್ತುತ್ತದೆ, ಚೀಲ ಒಡೆದರೆ... ಅಲ್ಲಿಗೆ ಬಂದು ಅವಳ ಯೋಚನೆ ಕಾಲು ಹಿಂದೆಗೆಯುತ್ತಿತ್ತು. ನಿನ್ನೆ ಮಧ್ಯಾಹ್ನದಿಂದ ಅವಳು ಸೀನಿಲ್ಲ, ಜೋರಾಗಿ ಕೆಮ್ಮಿಲ್ಲ, ನಕ್ಕಿಲ್ಲ, ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಂಡಿಲ್ಲ. ಬೆಳಿಗ್ಗೆ ಪಾಯಖಾನೆಯಲ್ಲಿ ತಿಣುಕುವುದಕ್ಕೂ ಹೆದರಿ ಹಾಗೇ ಎದ್ದು ಬಂದಿದ್ದಳು. ಬಸ್ಸಿನಲ್ಲಿ ಒಬ್ಬ ಶಾಲೆ ಹುಡುಗಿ ಎದ್ದು ಸೀಟು ಕೊಟ್ಟಾಗ, ಗುಂಡಿಗೆ ಬಿದ್ದರೆ ಕೂತವರಿಗೇ ಹೆಚ್ಚು ಕುಲುಕುತ್ತದೋ ನಿಂತವರಿಗೋ ಎಂದು ತೀರ್ಮಾನಿಸಲಾಗದೆ, ಕೂರಲೂ ಆಗದೆ ನಿಲ್ಲಲೂ ಆಗದೆ ಸೀಟಿನ ಹಿಡಿ ಹಿಡಿದು ಅರ್ಧ ಬಗ್ಗಿ ನಿಂತಿದ್ದಳು. ಆ ಹುಡುಗಿ ಅವಳನ್ನು ವಿಚಿತ್ರವಾಗಿ ನೋಡಿತ್ತು.

"ಏನಾಯ್ತು ಮೇಡಂ? ಮಗೂಗೆ ಏನಾದ್ರೂ ತೊಂದ್ರೆನಾ?" ಮಲಗಿದ್ದವಳು ತಲೆಯೆತ್ತಿದಳು.

"ಏನಿಲ್ಲ, ಏನಿಲ್ಲ. ತೊಂದ್ರೆ ನನ್ನ ಮೂಗಿಗೆ."

ಸೀನು ಬಂದ ದಾರಿಯಲ್ಲೇ ವಾಪಸು ಹೋಯಿತು. ಅಳೆಯಬೇಕಾದ್ದೆಲ್ಲ ಅಳೆದಾಗಿತ್ತು, ತಲೆ, ಹೊಟ್ಟೆ, ತೊಡೆಯ ಮೂಳೆ. ಈಗ ಜೆಲ್ ಒರೆಸಿಕೊಳ್ಳಲು ಬಟ್ಟೆ ಕೊಟ್ಟು ಎಬ್ಬಿಸಿ ಕಳಿಸಬೇಕು, ಹೊರಗೆ ಬೆಂಚು ತುಂಬ ಜನ. ಆದರೆ ಕೈ ಮಾತು ಕೇಳಲಿಲ್ಲ. ಅದು ಮಗುವಿನ ಹೊಕ್ಕುಳಿಂದ ಹೊರಟ ಬಳ್ಳಿಯನ್ನು ಹಿಡಿದುಕೊಂಡು, ಸುತ್ತಿ ಸುಳಿದು, ಮಗುವಿಗೆ ಉಣಿಸುವ ಮಾಸಿನೊಳಗೆ ಆ ಬಳ್ಳಿ ಇಳಿಯುವ ಜಾಗಕ್ಕೆ ಹೋಗಿ ನಿಂತಿತು. ಸರಿಯಾಗಿ ನಟ್ಟನಡುವೆ ಇಳಿದಿತ್ತು ಬಳ್ಳಿ, ದಪ್ಪಗೆ, ಗಟ್ಟಿಯಾಗಿ. ಮತ್ತೊಂದು ಕಡೆಯಿಂದ ನೋಡಿದಳು. ಅಲ್ಲಿಂದಲೂ ಹಾಗೇ. ಕೆಳಗೆ ಇಳಿದು ಗರ್ಭಕೋಶದ ಬಾಯಿಯ ಹತ್ತಿರ ನೋಡಿದಳು. ಅಲ್ಲಿ ಏನೂ ಇರಲಿಲ್ಲ, ಬರೀ ಕಪ್ಪು ನೀರು, ಅದರಾಚೆ ಮಗುವಿನ ತಲೆಗೂದಲು ಅಲ್ಲಾಡುತ್ತಿತ್ತು. ಇವಳಿಗೆ ಎಲ್ಲ ಸರಿಯಾಗಿದೆ ಅಂದುಕೊಂಡಳು. ಹಾಗೆ ಅಂದುಕೊಂಡಾಗ ಎದೆಯಲ್ಲಿ ಎದ್ದದ್ದು ಸಂತೋಷವಲ್ಲ, ಹೊಟ್ಟೆಕಿಚ್ಚು. ಗುರುತು ಪರಿಚಯ ಇಲ್ಲದ, ತನಗೇನೂ ಕೆಡುಕು ಮಾಡದ ಈ ಹೆಂಗಸಿನ ಮೇಲೆ ಅವಳಿಗೆ ಸಿಟ್ಟು ಬಂತು. ಹಾಗೆ ಬಂದದ್ದಕ್ಕೆ ನಾಚಿಕೆಯೂ ಆಯಿತು.

ನಿನ್ನೆ ಊಟದ ಹೊತ್ತಿಗೆ ಇದೇ ಮಂಚದ ಮೇಲೆ ಅವಳೇ ಮಲಗಿದ್ದಳು. ಚಿಲಕ ಹಾಕಿ, ಸ್ಕ್ರೀನನ್ನು ತನ್ನ ಕಡೆಗೆ ತಿರುಗಿಸಿಕೊಂಡು, ತನ್ನ ಹೊಟ್ಟೆಗೆ ತಾನೇ ಜೆಲ್ ಹಚ್ಚಿಕೊಂಡು. ಈ ಕೆಲಸದಲ್ಲಿರುವ ಬಸುರಿಯರೆಲ್ಲ ಒಂದಲ್ಲ ಒಂದು ದಿನ ಹೀಗೆ ಮಾಡುತ್ತಾರೆ, ಯಾರೂ ಬಾಯಿಬಿಡುವುದಿಲ್ಲ. ಮಾಡಬಾರದು ಅಂತ ನಿಯಮ ಇದೆ. ಮೆಷಿನ್ ಆಸ್ಪತ್ರೆಯದು, ಹೊಟ್ಟೆ ತನ್ನದು ಅಂತ ಅವಳ ಸಮಾಧಾನ. ಮುಖ ನೋಡುವ ಆಸೆ, ಅಷ್ಟೆ. ಏಳು ತಿಂಗಳು ದಾಟಿದ ಮಗು, ಗಲ್ಲ ತುಂಬಿಕೊಂಡಿರುತ್ತದೆ. ಅದು ಮುಂಗೈ ಅಡ್ಡ ಇಟ್ಟುಕೊಂಡು ಮುಖ ಕೊಡಲೇ ಇಲ್ಲ, ಅಪ್ಪನ ಹಟ. ನಗುತ್ತಾ ಪ್ರೋಬನ್ನು ಕೆಳಗೆ ಜಾರಿಸಿದಳು, ಕೈರೂಢಿಗೆ ರಕ್ತದ ಹರಿವು ತೋರಿಸುವ ಬಣ್ಣದ ಗುಂಡಿ ಒತ್ತಿದಳು, ಯಾಕೆ ಒತ್ತಿದಳೋ ದೇವರಿಗೇ ಗೊತ್ತು. ಗರ್ಭಕೋಶದ ಬಾಯಿಗೆ ಅಡ್ಡಲಾಗಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ, ತೆಳ್ಳಗೆ ಒಂದು ಕೆಂಪು ಗೆರೆ ಮಿಡಿಯುತ್ತಿತ್ತು.

ಬಳ್ಳಿಯೊಳಗಿನ ರಕ್ತನಾಳಗಳ ಮೇಲೆ ಅಂಟಿನಂಥ ದಪ್ಪ ಹೊದಿಕೆ ಇರುತ್ತದೆ, ಕರೆಂಟಿನ ತಂತಿಗೆ ಪ್ಲಾಸ್ಟಿಕ್ ಇದ್ದ ಹಾಗೆ. ಅಪರೂಪಕ್ಕೆ ಕೆಲವರಲ್ಲಿ ಬಳ್ಳಿ ಮಾಸಿನ ನಡುವೆ ಇಳಿಯದೆ ಅಂಚಿನಾಚೆ ನೀರಿನ ಚೀಲದ ಪೊರೆಗೇ ಅಂಟಿಕೊಂಡು, ಅಲ್ಲಿಂದ ಮುಂದೆ ನಾಳಗಳು ಬರಿಮೈಯಲ್ಲಿ ಪೊರೆಯ ಮೇಲೇ ಹರಿದಾಡುತ್ತವೆ. ಅವು ಬೇರೆಲ್ಲೋ ಹೋದರೆ ಅಷ್ಟೇನೂ ಭಯವಿಲ್ಲ. ಬಾಗಿಲಿಗೇ ಅಡ್ಡಲಾಗಿ ಹೋದರೆ, ನೀರು ಒಡೆದ ಗಳಿಗೆಯಲ್ಲಿ ಪೊರೆಯ ಜೊತೆಗೇ ನಾಳವೂ ಹರಿಯುತ್ತದೆ. ಆಗ ಹೋಗುವುದು ತಾಯಿಯ ರಕ್ತ ಅಲ್ಲ, ಮಗುವಿನದು. ಮಗುವಿನ ಮೈಯಲ್ಲಿರುವ ಅಷ್ಟೂ ರಕ್ತ ಸೇರಿಸಿದರೆ ಒಂದು ಲೋಟ ತುಂಬುವುದೂ ಕಷ್ಟ. ಮೊದಲೇ ಗೊತ್ತಾದರೆ ಆಸ್ಪತ್ರೆಯಲ್ಲೇ ಮಲಗಿಸಿಕೊಂಡು, ನೀರು ಒಡೆಯುವ ಮೊದಲೇ ಆಪರೇಷನ್ ಮಾಡಿ ಮಗುವನ್ನು ಎತ್ತಿಕೊಳ್ಳುತ್ತಾರೆ. ಅಂಥ ಮಕ್ಕಳು ಹೆಚ್ಚುಕಮ್ಮಿ ಎಲ್ಲವೂ ಉಳಿಯುತ್ತವೆ. ಗೊತ್ತಾಗದಿದ್ದರೆ ಇಲ್ಲ. ಇದನ್ನೆಲ್ಲ ಅವಳು ಪರೀಕ್ಷೆಗೆ ಓದಿದ್ದಳು, ಬರೆದು ಒಳ್ಳೆ ಮಾರ್ಕ್ಸನ್ನೂ ತೆಗೆದುಕೊಂಡಿದ್ದಳು.

ಆ ಗೆರೆ ತನ್ನದೇ ನಾಳ ಇರಬಹುದು, ಅಂದುಕೊಂಡಿದ್ದಳು. ಬಸುರಿಯ ಗರ್ಭಕೋಶದ ಬಾಯಿಯ ಸುತ್ತ ಅವಳದೇ ನಾಳಗಳು ಬೇಕಾದಷ್ಟಿರುತ್ತವೆ. ಬಳ್ಳಿಯ ಒಂದು ಸುತ್ತು ಜೋತು ಬಿದ್ದು ಹಾಗೆ ಕಂಡಿರಬಹುದು. ಮಗ್ಗುಲಾದರೆ ಅದು ಸರಿಯುತ್ತದೆ. ಮಗ್ಗುಲಾದಳು. ಸರಿಯಲಿಲ್ಲ. ಇನ್ನು ಉಳಿದದ್ದು ಒಂದೇ ಪರೀಕ್ಷೆ, ನಿನ್ನೆ ಮೊನ್ನೆ ಸೇರಿದವರಿಗೂ ಗೊತ್ತಿರುವಂಥದ್ದು. ನಾಳದ ಮೇಲೆ ಗುರುತಿಟ್ಟು ಸದ್ದು ಕೇಳುವುದು. ತಾಯಿಯದಾದರೆ ತಾಯಿಯ ಎದೆಯ ಜೊತೆ ಬಡಿಯುತ್ತದೆ, ಸಾವಕಾಶವಾಗಿ. ಮಗುವಿನದಾದರೆ ಮಗುವಿನ ಎದೆಯ ಜೊತೆ, ಓಡೋಡುತ್ತ. ಸದ್ದು ಹಾಕಿದಳು. ಓಡೋಡುತ್ತ ಬಡಿಯುತ್ತಿತ್ತು. ಎಡಗೈಯನ್ನು ತನ್ನ ಕತ್ತಿನ ಮೇಲಿಟ್ಟುಕೊಂಡಳು; ಅದೂ ಓಡೋಡುತ್ತ ಬಡಿಯುತ್ತಿತ್ತು. ಹೆದರಿ ಹೆದರಿ ಅವಳ ಎದೆ ಮಗುವಿನ ಎದೆಯ ಓಟಕ್ಕೇ ಬಂದುಬಿಟ್ಟಿತ್ತು. ಯಾವುದು ಯಾರದ್ದು ಅಂತ ಬೇರೆ ಮಾಡಲಿಕ್ಕೆ ಆಗಲೇ ಇಲ್ಲ. ತಡಿ, ಸ್ವಲ್ಪ ಇಳಿಯಲಿ ಅಂತ ಕಾದಳು, ಕಾದಷ್ಟೂ ಏರಿತು. ಅಷ್ಟರಲ್ಲಿ ಬಾಗಿಲು ಬಡಿದರು. ಒರೆಸಿಕೊಂಡು, ಬಟ್ಟೆ ಸರಿಮಾಡಿಕೊಂಡು, ಏನೂ ಆಗದವಳ ಹಾಗೆ ಹೋಗಿ ಚಿಲಕ ತೆಗೆದಳು.

ಯಾರಿಗೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂತ ಈಗ ಈ ಹೆಂಗಸಿನ ಹೊಟ್ಟೆ ನೋಡುತ್ತಾ ತನ್ನನ್ನೇ ಕೇಳಿಕೊಂಡರೆ, ಉತ್ತರಕ್ಕೇನೂ ಬರವಿರಲಿಲ್ಲ, ಅವುಗಳಲ್ಲಿ ಮರ್ಯಾದಸ್ಥ ಉತ್ತರ ಮಾತ್ರ ಇರಲಿಲ್ಲ. ಸುಳ್ಳಾಗಿದ್ದರೆ ನಗುತ್ತಾರೆ. ಕದ್ದು ನೋಡಿಕೊಂಡದ್ದು ಹೊರಬೀಳುತ್ತದೆ. ಬಾಯಿಬಿಟ್ಟು ಹೇಳುವವರೆಗೆ ಅದು ಬರೀ ಸ್ಕ್ರೀನಿನ ಮೇಲಿನ ಕೆಂಪು ಗೆರೆ, ಹೇಳಿದರೆ ಹೊಟ್ಟೆಯೊಳಗೆ ಬಂದು ಕೂರುತ್ತದೆ. ಇವೆಲ್ಲದರ ಕೆಳಗೆ ಇನ್ನೊಂದಿತ್ತು, ಅದನ್ನು ಅವಳು ಮುಟ್ಟಿ ನೋಡಲೂ ಹೆದರುತ್ತಿದ್ದಳು. ಇವಳ ಐದನೇ ತಿಂಗಳ ದೊಡ್ಡ ಸ್ಕ್ಯಾನ್ ಮಾಡಿದ್ದು ಪಿನ್ನಕ್ಕ. ಈ ವಿಭಾಗಕ್ಕೆಲ್ಲ ಹಿರಿಯಳು, ಇವಳ ಕೈಹಿಡಿದು ಕೆಲಸ ಕಲಿಸಿದವಳು. ಕೋಟಿನ ಕಾಲರಿಗೆ ಸಾಲಾಗಿ ಪಿನ್ನು ಚುಚ್ಚಿಕೊಂಡಿರುತ್ತಾಳೆ, ಯಾರದಾದರೂ ಗುಂಡಿ ಕಿತ್ತುಹೋದರೆ ತಕ್ಷಣ ಒಂದು ಕಿತ್ತು ಕೊಡುತ್ತಾಳೆ, ಅದಕ್ಕೇ ಆ ಹೆಸರು. ಅವತ್ತು ಚಹಾದ ಹೊತ್ತಿನಲ್ಲಿ, ಮನೆಮಂದಿಯ ಹಾಗೆ ನಗುತ್ತ ಹರಟುತ್ತ ನೋಡಿದ್ದಳು. ಹೃದಯ, ಬೆನ್ನು, ಕೈಕಾಲು ಎಲ್ಲ ಆಯಿತು. "ಬಳ್ಳಿ ಎಲ್ಲಿ ಇಳಿದಿದೆ ನೋಡ್ಬೇಕು, ಸ್ವಲ್ಪ ಮಗ್ಗುಲಾಗು," ಅಂದಾಗ ಇವಳೇ ಅಲ್ಲವೇ, "ಸಾಕು ಬಿಡಿ ಅಕ್ಕ, ಹೊರಗೆ ಜನ ಬಾಗಿಲು ಒಡೀತಿದಾರೆ, ನಂದೇನು ಓಡಿಹೋಗುತ್ತಾ, ಇನ್ನೊಂದಿನ ನೋಡೋಣ," ಅಂದದ್ದು? ಆಮೇಲೆ ಎದ್ದು, ಜೆಲ್ ಒರೆಸಿಕೊಂಡು, ದಿನವೂ ಅಕ್ಕನ ವರದಿಗಳನ್ನೆಲ್ಲ ಟೈಪ್ ಮಾಡುವವಳು ಇವಳೇ ಆದ್ದರಿಂದ ತನ್ನದನ್ನೂ ತಾನೇ ಕೂತು ಟೈಪ್ ಮಾಡಿದ್ದಳು. ಬಳ್ಳಿ ಸೇರುವ ಜಾಗ: ಮಧ್ಯದಲ್ಲಿ. ಯಾರೂ ನೋಡಿರಲಿಲ್ಲ. ಎಲ್ಲರಿಗೂ ಹಾಗೇ ಇರುತ್ತದೆ, ಬೆರಳು ಹಾಗೇ ಒತ್ತಿತ್ತು. ಹೊತ್ತವಳೇ ತನ್ನ ಮಗುವಿನ ಬಗ್ಗೆ ನೋಡದ್ದನ್ನು ನೋಡಿದೆ ಅಂತ ಬರೆದಿದ್ದಳು.

"ಮೇಡಂ, ನಿಜ ಹೇಳಿ," ಅಂದಳು ಮಲಗಿದ್ದವಳು. "ಇಷ್ಟು ಹೊತ್ತು ಯಾರನ್ನೂ ನೋಡಲಿಲ್ಲ ನೀವು. ನನ್ನ ಮುಂಚೆ ಹೋದೋರಿಗೆ ಇಷ್ಟು ತಡ ಆಗಿರಲಿಲ್ಲ."

"ಎಲ್ಲ ಡಾಕ್ಟರ್ ಹೇಳ್ತಾರೆ," ಅಂದುಬಿಟ್ಟಳು, ಬಾಯಿಪಾಠದಂತೆ. ಹಾಗೆ ಹೇಳಬೇಕಾದ್ದೇ ನಿಯಮ. ಚಿತ್ರ ತೆಗೆಯುವುದು ಇವರ ಕೆಲಸ, ಮಾತಾಡುವುದು ಡಾಕ್ಟರ್ ಮೇಡಂ ಕೆಲಸ. ಆದರೆ ಅದನ್ನು ಹೇಳುವಾಗ ನಗುಮುಖ ಇರಬೇಕು. ಇವಳ ಮುಖ ಹೇಗಿತ್ತೋ, ಆ ಹೆಂಗಸು ಅಳಲಿಕ್ಕೆ ಶುರುಮಾಡಿದಳು. ಒರೆಸಿಕೊಳ್ಳದೆ, ಅಂಟಂಟು ಹೊಟ್ಟೆಯ ಮೇಲೇ ಬಟ್ಟೆ ಎಳೆದುಕೊಂಡು ಹೊರಗೆ ಹೋದಳು. ಇವಳು ಕತ್ತಲಲ್ಲಿ ಸ್ಟೂಲಿನ ಮೇಲೆ ಕೂತೇ ಇದ್ದಳು. ಹೊರಗಿನ ಬೆಂಚಿನ ಹತ್ತಿರ ದನಿಗಳು ಏರಿದವು. ಬಾಗಿಲು ತಳ್ಳಿಕೊಂಡು ಪಿನ್ನಕ್ಕ ಬಂದಳು. ಬಾಗಿಲನ್ನು ಹಾಕಲಿಲ್ಲ. ಬೆಂಚಿನವರೆಲ್ಲ ನೋಡುತ್ತಿದ್ದರು.

"ಏನೇ ಇದು? ಆ ಯಮ್ಮ ಅಲ್ಲಿ ಗೋಳೋ ಅಂತ ಅಳ್ತಿದಾಳೆ. ಅವಳ ಚಿತ್ರ ನೋಡಿದೆ, ಬಂಗಾರದಂಗಿದೆ ಮಗು. ಬಳ್ಳೀದೇ ಇಷ್ಟೊಂದು ಚಿತ್ರ ತೆಗೆದಿದೀಯ, ಮದುವೆ ಫೋಟೋ ತೆಗೆದಂಗೆ. ಬೆಳಿಗ್ಗೆಯಿಂದ ಎಲ್ಲರದ್ದೂ ಹಿಂಗೇ ಮಾಡಿದೀಯಂತೆ. ತಲೆ ಎಲ್ಲಿಟ್ಟು ಬಂದಿದೀಯ?"

"ತಪ್ಪಾಯ್ತು ಅಕ್ಕ."

"ತಪ್ಪಾಯ್ತು ಅಂದ್ರೆ ಆಯ್ತಾ? ಹೋಗಿ ಮುಖ ತೊಳ್ಕೊಂಡು ಬಾ. ಒಳ್ಳೇ ದೆವ್ವ ಮೆಟ್ಟಿದೋಳ ಥರ ಇದೀಯ."

ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವಳ ಕಿವಿ ಬಿಸಿಯಾಯಿತು. ಎದ್ದು, ಗೋಡೆ ಹಿಡಿದುಕೊಂಡು, ಕಾರಿಡಾರಿನ ಕೊನೆಯ ಪಾಯಖಾನೆಗೆ ನಡೆದಳು. ನಿಧಾನಕ್ಕೆ, ನೆತ್ತಿಯ ಮೇಲೆ ನೀರು ತುಂಬಿದ ಕೊಡ ಇದ್ದವಳ ಹಾಗೆ. ಬಾಗಿಲು ಹಾಕಿಕೊಂಡು ಮೊದಲು ಮಾಡಿದ್ದು ಒಳಬಟ್ಟೆಯಲ್ಲಿ ಕೆಂಪು ಇದೆಯೇ ಅಂತ ನೋಡಿಕೊಂಡದ್ದು. ಏನೂ ಇಲ್ಲ. ದೀಪದ ಕೆಳಗೆ ಹಿಡಿದು ಮತ್ತೆ ನೋಡಿದಳು. ಏನೂ ಇಲ್ಲ. ಹೊರಗೆ ಯಾರೋ ಬಕೆಟ್ಟು ಎಳೆದ ಸದ್ದಾಯಿತು, ಫಿನಾಯಿಲಿನ ವಾಸನೆ ಬಂತು. ಆ ವಾಸನೆಗೆ ಬೇಡ ಬೇಡವೆಂದರೂ ಹಳೆಯ ನೆನಪಿನ ಒಬ್ಬ ಹೆಂಗಸು ಬಂದು ಮುಂದೆ ಕೂತಳು.

ಕಲಿಯುತ್ತಿದ್ದ ಕಾಲ ಅದು. ಹೆರಿಗೆ ವಾರ್ಡಿಗೆ ಮೆಷಿನ್ ತಳ್ಳಿಕೊಂಡು ಬಾ ಅಂದಿದ್ದರು. ಒಬ್ಬಳು ನಡೆದುಕೊಂಡೇ ಬಂದಿದ್ದಳು, ದಪ್ಪಗೆ ಲಕ್ಷಣವಾಗಿದ್ದವಳು, ಗಂಡನ ಕೈಯಲ್ಲಿ ಬಟ್ಟೆಯ ಚೀಲ. ಮನೆಯಲ್ಲಿ ನೀರು ಒಡೆಯಿತು, ಜೊತೆಗೆ ಸ್ವಲ್ಪ ಕೆಂಪು ಹೋಯಿತು, ನೋವೇನೂ ಇಲ್ಲ, ಅಂತ ನಗುತ್ತಲೇ ಹೇಳಿದ್ದಳು. ಇವಳು ಮೆಷಿನ್ ಚಾಲು ಮಾಡಿ ಪ್ರೋಬನ್ನು ಡಾಕ್ಟರ ಕೈಗೆ ಕೊಡುವಷ್ಟರಲ್ಲಿ ಆ ಮಗುವಿನ ಎದೆ ನಿಂತಿತ್ತು. ತಾಯಿಗೆ ಏನೆಂದರೆ ಏನೂ ಆಗಿರಲಿಲ್ಲ. ಒಂದು ಗೀರು ಕೂಡ ಇಲ್ಲ. ಎದ್ದು ಕೂತು, ಬಾಯಿ ಒಣಗ್ತಿದೆ, ಒಂದು ಲೋಟ ಚಹಾ ಸಿಗುತ್ತಾ ಅಂತ ಕೇಳಿದ್ದಳು, ಯಾರೂ ಇನ್ನೂ ಅವಳಿಗೆ ಹೇಳಿರಲಿಲ್ಲ. ನೆಲ ಒರೆಸುವಾಕೆ ಫಿನಾಯಿಲಿನ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಆ ನೆಲದ ಮೇಲಿದ್ದದ್ದು ಎಷ್ಟು ಸ್ವಲ್ಪ ಇತ್ತು! ಒಂದೇ ಸಲ ಒರೆಸಿದರೆ ಹೋಗುವಷ್ಟು. ಅವಳಿಗೆ ಆಮೇಲೆ ಎಷ್ಟೋ ದಿನ ಕಾಡಿದ್ದು ಅದೇ.

ಜೇಬಿನಲ್ಲಿ ಫೋನು ಅದುರಿತು. ಗಂಡ. ಅವನು ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು, ಬೆಳಕು ಹರಿಯುವ ಮೊದಲೇ ಹೋದರೆ ಬರುವುದು ಸಂಜೆಗೆ, ಹಿಟ್ಟು ಮೆತ್ತಿದ ರೆಪ್ಪೆಗಳಲ್ಲಿ. ಕೆಲಸದ ಹೊತ್ತಿನಲ್ಲಿ ಫೋನ್ ಮಾಡುವವನೇ ಅಲ್ಲ.

"ಊಟ ಆಯ್ತಾ?" ಅಂದ.

"ಇನ್ನೂ ಇಲ್ಲ. ಯಾಕ್ರೀ?"

"ಏನಿಲ್ಲ. ಸುಮ್ನೆ." ಹಿಂದೆ ತಟ್ಟೆಗಳು ಬಡಿಯುವ ಸದ್ದು. "ನನ್ನ ಮೇಲೆ ಕೋಪಾನಾ?"

"ಇಲ್ಲಪ್ಪ. ಯಾಕೆ ಕೋಪ?"

"ನಿನ್ನೆ ಬಾಗಿಲಲ್ಲೇ ನಿಲ್ಲಿಸಿ ಹಿಟ್ಟು ಕೊಡವಿಕೊಂಡು ಬನ್ನಿ ಅಂದೆ. ಆಯ್ತು, ಕೊಡವಿಕೊಂಡು ಬಂದೆ. ಆಮೇಲೆ ಮಲಗೋವಾಗ ಕೈ ಹಾಕಿದ್ರೆ ಹಾವು ಮುಟ್ಟಿದೋಳ ಥರ ತಳ್ಳಿದೆ. ಹೊಟ್ಟೆ ಮೇಲೆ ಕೈ ಇಡೋಕೂ ಬಿಡಲಿಲ್ಲ. ನಾನೇನು ತಪ್ಪು ಮಾಡಿದೀನಿ ಅಂತ ಬೆಳಿಗ್ಗೆಯಿಂದ ಯೋಚನೆ ಮಾಡಿ ಮಾಡಿ ಎರಡು ತಟ್ಟೆ ಬನ್ನು ಕರಕಲು ಮಾಡಿದೆ."

ಅವಳಿಗೆ ನಗು ಬಂತು, ನಗು ಬಂದದ್ದಕ್ಕೆ ಜೀವ ಹಾರಿತು, ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದಳು. ಈಗ ಹೇಳಬೇಕು. ರೀ, ನಿಮ್ಮ ಹಿಟ್ಟಿಗೆ ಸೀನು ಬರುತ್ತೆ, ಸೀನಿದ್ರೆ ನಮ್ಮ ಮಗು ಸತ್ತುಹೋಗಬಹುದು ಅಂತ ಹೆದರಿಕೆ ಅಂತ ಹೇಳಬೇಕು. ಅವನಿಗೆ ಅರ್ಥ ಆಗುತ್ತದೆಯೇ? ಅವನ ಪ್ರಪಂಚದಲ್ಲಿ ಕೆಟ್ಟ ತಟ್ಟೆಯನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಒಲೆಗೆ ಹಾಕುತ್ತಾರೆ. ತಪ್ಪು ಮಾಡಿದ್ದು ನೀವಲ್ಲ, ನಾನು, ಅಂತಲಾದರೂ ಹೇಳಬೇಕಿತ್ತು. "ಸೆಖೆ ಇತ್ತು, ಅದಕ್ಕೇ," ಅಂದಳು. "ಸರಿ, ಊಟ ಮಾಡು," ಅಂದು ಇಟ್ಟುಬಿಟ್ಟ. ಅವಳು ಕತ್ತಿನ ಮೇಲೆ ಬೆರಳಿಟ್ಟುಕೊಂಡಳು. ಎದೆ ಅದೇ ಓಟದಲ್ಲಿತ್ತು. ಅಷ್ಟರಲ್ಲಿ ಒಳಗಿನಿಂದ ಮಗು ಒದೆಯಿತು, ಕೆಳಗೆ, ಬಾಗಿಲ ಹತ್ತಿರವೇ, ಬಲವಾಗಿ. ದಿನವೂ ಹಾಗೆ ಒದ್ದರೆ ಅವಳಿಗೆ ಮುದ್ದು ಉಕ್ಕಿ ಬರುತ್ತಿತ್ತು. "ಬೇಡ ಕಂದ, ಒದೀಬೇಡ, ಸುಮ್ನಿರು, ಸುಮ್ನಿರು," ಅಂತ ಬಾಯಿಬಿಟ್ಟು ಬೇಡಿಕೊಂಡಳು. ತನ್ನ ಮಗುವಿನ ಕಾಲಿಗೆ ಹೆದರುವ ಸ್ಥಿತಿಗೆ ಬಂದೆನಲ್ಲ ಅನ್ನಿಸಿ, ಇದನ್ನು ಇನ್ನು ಒಂದು ಗಳಿಗೆಯೂ ಹೊರಲಾರೆ ಅನ್ನಿಸಿತು.

ವಾಪಸು ಬಂದಾಗ ಸ್ಕ್ಯಾನ್ ಕೋಣೆಯಲ್ಲಿ ಪಿನ್ನಕ್ಕ ಒಬ್ಬಳೇ ಕೂತು ಬ್ರೆಡ್ಡು ತಿನ್ನುತ್ತಿದ್ದಳು. ಬೈದದ್ದನ್ನು ಆಗಲೇ ಮರೆತಿದ್ದಳು. ಅವಳ ಸಿಟ್ಟು ಬಾಗಿಲು ದಾಟುವವರೆಗೂ ಇರುವುದಿಲ್ಲ. "ಬಾ, ತಿನ್ನು, ಎರಡು ಜೀವ ಹೊತ್ಕೊಂಡು ಉಪವಾಸ ಓಡಾಡಬೇಡ," ಅಂದಳು.

"ಅಕ್ಕ, ನನ್ನ ಸ್ವಲ್ಪ ನೋಡ್ತೀರಾ?"

"ನೋಡ್ತಾನೇ ಇದೀನಲ್ಲ. ಬಿಳಚಿಕೊಂಡಿದೀಯ."

"ಹಾಗಲ್ಲ. ಮೆಷಿನ್‌ನಲ್ಲಿ. ಕೆಳಗೆ, ಬಾಯಿ ಹತ್ತಿರ."

ಪಿನ್ನಕ್ಕ ಅಗಿಯುವುದನ್ನು ನಿಲ್ಲಿಸಿದಳು. ಇವಳ ಮುಖವನ್ನೇ ನೋಡಿದಳು. ಬೆಳಿಗ್ಗೆಯಿಂದ ತೆಗೆದ ಬಳ್ಳಿಯ ಚಿತ್ರಗಳೆಲ್ಲ ಅವಳ ಕಣ್ಣ ಮುಂದೆ ಒಂದೊಂದಾಗಿ ಬಂದು ಸೇರುತ್ತಿರುವುದು ಇವಳಿಗೆ ಕಾಣಿಸಿತು. "ನೀನೇ ನೋಡ್ಕೊಂಡೆಯಾ?" ಅಂದಳು. "ನಿಜ ಹೇಳು."

"ಹೂಂ. ನಿನ್ನೆ. ಅಡ್ಡಕ್ಕೆ ಒಂದಿದೆ ಅಕ್ಕ. ಮಗ್ಗುಲಾದ್ರೂ ಪಕ್ಕಕ್ಕೆ ಸರಿಯೋದೇ ಇಲ್ಲ. ಸದ್ದು ಹಾಕಿದೆ, ಆದ್ರೆ ನನ್ನ ಎದೇನೂ ಅಷ್ಟೇ ಜೋರಾಗಿ ಬಡ್ಕೊಳ್ತಿತ್ತು, ಯಾರದ್ದು ಅಂತ ಗೊತ್ತಾಗ್ಲಿಲ್ಲ." ಒಂದೇ ಉಸಿರಿಗೆ ಹೇಳಿದಳು. "ಅಕ್ಕ, ಅವತ್ತು ಬಳ್ಳಿ ಮಧ್ಯದಲ್ಲಿದೆ ಅಂತ ನಾನೇ ಬರೆದೆ. ನೀವು ನೋಡಿರಲಿಲ್ಲ. ನಾನೇ ಬೇಡ ಅಂದಿದ್ದೆ."

ಪಿನ್ನಕ್ಕ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿಟ್ಟಳು. ಸುತ್ತುವಾಗ ಕಾಗದ ಎರಡು ಸಲ ಬಿಚ್ಚಿಕೊಂಡಿತು. ಎದ್ದು ಹೋಗಿ ಬಾಗಿಲು ಸ್ವಲ್ಪವೇ ತೆರೆದು, "ಮೆಷಿನ್ ಬಿಸಿಯಾಗಿದೆ, ಯಾರೂ ಬಡೀಬೇಡಿ," ಅಂತ ಕೂಗಿ, ಚಿಲಕ ಹಾಕಿದಳು. "ಬರೆದೋಳು ನೀನು, ಸಹಿ ಹಾಕಿದೋಳು ನಾನು," ಅಂದಳು. "ಅದನ್ನ ಆಮೇಲೆ ಹಂಚಿಕೊಳ್ಳೋಣ. ಈಗ ಮಲಗು. ಒಳಗಿಂದ ನೋಡಿದ್ರೇ ಸರಿ ಗೊತ್ತಾಗೋದು."

ಅವಳು ಮಲಗಿದಳು. ದಿನಕ್ಕೆ ಎಷ್ಟೋ ಜನಕ್ಕೆ ಹೇಳುವ ಮಾತನ್ನು, ಕಾಲು ಮಡಚಿ, ಸಡಿಲ ಬಿಡಿ, ಏನೂ ನೋವಾಗಲ್ಲ, ಈಗ ಇನ್ನೊಬ್ಬರ ಬಾಯಲ್ಲಿ ಕೇಳಬೇಕಾಗಿ ಬಂದದ್ದು ಅವಳಿಗೆ ಸಣ್ಣ ಅವಮಾನದ ಹಾಗೆ ಚುಚ್ಚಿತು. ಒಳಚಡ್ಡಿಯ ಎಲಾಸ್ಟಿಕ್ ಸಡಿಲವಾಗಿದ್ದಕ್ಕೆ ಗಂಟು ಹಾಕಿಕೊಂಡಿದ್ದಳು, ಅದನ್ನು ಮುಚ್ಚಿಕೊಳ್ಳಲು ಹೋದಳು. "ಸಂಬಳ ತಗೊಳ್ತೀಯಲ್ಲ, ಒಂದು ಚಡ್ಡಿ ತಗೊಳ್ಳೋಕಾಗಲ್ವೇನೇ?" ಅಂತ ಪಿನ್ನಕ್ಕ ಗದರಿ, ಮೇಲೆ ಬಿಳಿ ಬಟ್ಟೆ ಹೊದಿಸಿದಳು. ದೀಪ ಆರಿಸಿದಳು. ತಣ್ಣಗೆ ಏನೋ ಸೋಕಿತು, ತುಂಬ ನಿಧಾನವಾಗಿ. ಸ್ಕ್ರೀನು ಇಬ್ಬರಿಗೂ ಕಾಣುವಂತೆ ತಿರುಗಿಸಿತ್ತು. ಬೂದು ಬಣ್ಣದ ಮೋಡಗಳು ಕದಲಿ ಕದಲಿ ನೆಲೆ ನಿಂತವು. ಪಿನ್ನಕ್ಕ ಬಣ್ಣದ ಗುಂಡಿ ಒತ್ತಿದಳು.

ಗೆರೆ ಅಲ್ಲೇ ಇತ್ತು.

ಪಿನ್ನಕ್ಕ ಅದರ ಮೇಲೆ ಗುರುತಿಟ್ಟು ಸದ್ದು ಹಾಕಿದಳು. ಇಡೀ ಕೋಣೆ ಆ ಬಡಿತದಿಂದ ತುಂಬಿಹೋಯಿತು. ಇನ್ನೊಂದು ಕೈಯಿಂದ ಇವಳ ಮುಂಗೈ ನಾಡಿ ಹಿಡಿದಳು. ತುಟಿ ಅಲ್ಲಾಡಿಸುತ್ತ ಎಣಿಸಿದಳು, ಬಿಟ್ಟಳು, ಮತ್ತೆ ಹಿಡಿದಳು. "ಅಯ್ಯೋ ದೇವರೇ," ಅಂದಳು. "ನಿಂದು ಕುದುರೆ ಓಡಿದಂಗೆ ಓಡ್ತಿದೆ. ಹಿಂಗಾದ್ರೆ ನಾನೂ ಏನಂತ ಹೇಳ್ಲಿ? ಸ್ವಲ್ಪ ಸಮಾಧಾನ ಮಾಡ್ಕೋ."

"ಆಗ್ತಿಲ್ಲ ಅಕ್ಕ."

"ಉಸಿರು ಬಿಡು ನಿಧಾನಕ್ಕೆ."

ಬಿಟ್ಟಳು. ಆಗಲಿಲ್ಲ. ಕಣ್ಣು ಮುಚ್ಚು ಅಂದಳು ಅಕ್ಕ. ಮುಚ್ಚಿದರೆ ವಾರ್ಡಿನ ನೆಲ ಕಂಡಿತು, ತೆರೆದಳು. ಗಂಡನನ್ನು ನೆನೆಸಿಕೋ ಅಂದಳು; ಅವನು ಫೋನು ಇಟ್ಟುಬಿಟ್ಟದ್ದು ನೆನಪಾಗಿ ಇನ್ನೂ ಏರಿತು. ಪಿನ್ನಕ್ಕ ಸ್ಕ್ರೀನನ್ನು ನೋಡಿದಳು, ಇವಳನ್ನು ನೋಡಿದಳು. ಆಮೇಲೆ, ಏನೋ ಹೊಳೆದವಳ ಹಾಗೆ, ದನಿ ಬದಲಿಸಿ, "ಸರಿ, ನಾನು ಇವತ್ತು ಕೆಲಸಕ್ಕೆ ಸೇರಿದ ದಡ್ಡಿ ಅಂದ್ಕೋ. ನನಗೊಂದೂ ಬರಲ್ಲ. ನೀನು ದೊಡ್ಡೋಳು. ಇದೇನು ಹೇಳಿಕೊಡು," ಅಂದಳು.

"ಅಕ್ಕ, ತಮಾಷೆ ಬೇಡ."

"ತಮಾಷೆ ಅಲ್ಲ. ಹೇಳಿಕೊಡು. ಇದೇನು, ಈ ಬಿಳೀ ಗುಂಡಗಿರೋದು?"

"ತಲೆ."

"ತಲೆ ಅಂದ್ರೆ ಹಿಂಗೇನಾ ಹೇಳಿಕೊಡೋದು? ನಾನು ನಿನಗೆ ಹಿಂಗೇನಾ ಕಲಿಸಿದ್ದು?"

ಅವಳು ಎಂಜಲು ನುಂಗಿದಳು. "ಇದು ತಲೆ," ಅಂದಳು. "ಕೆಳಗೆ ಮುಖ ಮಾಡಿದೆ. ಈ ಬಿಳೀ ಗೆರೆ ತಲೆಬುರುಡೆ, ಒಳಗೆ ನಡುವೆ ಇನ್ನೊಂದು ಗೆರೆ ಕಾಣ್ಬೇಕು, ಅದು ಮೆದುಳನ್ನ ಎರಡು ಮಾಡೋದು. ಸ್ವಲ್ಪ ಎಡಕ್ಕೆ ತಿರುಗಿಸಿ. ಜಾಸ್ತಿ ಆಯ್ತು. ಹಾಂ, ಅಲ್ಲಿ. ಒತ್ತಬೇಡಿ, ಹೊಸಬರೆಲ್ಲ ಮಾಡೋ ತಪ್ಪೇ ಅದು, ಒತ್ತಿದ್ರೆ ನಾಳ ಅಪ್ಪಚ್ಚಿಯಾಗಿ ಕಾಣೋದೇ ಇಲ್ಲ." ಅವಳ ದನಿ ಮೊದಲು ನಡುಗುತ್ತಿತ್ತು, ಆಮೇಲೆ ತಾನಾಗಿಯೇ ಹಾದಿಗೆ ಬಿತ್ತು. ಎಷ್ಟು ಸಲ ಹೇಳಿದ ಮಾತುಗಳು! ನಾಲಿಗೆಗೆ ಗೊತ್ತು, ಕೈಗೆ ಗೊತ್ತು, ಹೆದರಿಕೆ ಅಲ್ಲಿ ನುಗ್ಗಲು ಜಾಗವೇ ಇರಲಿಲ್ಲ. "ಇದು ಗರ್ಭಕೋಶದ ಬಾಯಿ. ಉದ್ದ ಅಳೀಬೇಕು, ಈ ತುದಿಯಿಂದ ಆ ತುದಿಗೆ. ಮುಚ್ಚಿಕೊಂಡಿದೆ, ಒಳ್ಳೇದು. ಇದು ಮೂತ್ರದ ಚೀಲ, ತುಂಬಿದ್ರೆ ಮೋಸ ಮಾಡುತ್ತೆ, ಅದಕ್ಕೇ ಮೊದಲು ಖಾಲಿ ಮಾಡಿಸ್ಕೋಬೇಕು. ಇಲ್ಲಿ, ಪಕ್ಕದಲ್ಲಿ, ಮಾಸಿನ ಅಂಚು. ಅಂಚಿನಿಂದ ಬಳ್ಳಿ ಎಲ್ಲಿ ಹೋಗುತ್ತೆ ಅಂತ ಹುಡುಕಬೇಕು. ಅವಸರ ಮಾಡಬಾರದು. ಇಲ್ಲಿದೆ ನೋಡಿ, ಅಂಚಿನಾಚೆ, ಪೊರೆ ಮೇಲೆ ಬಂದು ಕೂತಿದೆ. ಅಲ್ಲಿಂದ ನಾಳಗಳು ಬಿಡಿಬಿಡಿಯಾಗಿ ಹೊರಟಿವೆ. ಒಂದು ಮೇಲಕ್ಕೆ ಹೋಯ್ತು. ಇನ್ನೊಂದು ಇಲ್ಲಿ ಕೆಳಗೆ..."

ನಿಲ್ಲಿಸಿದಳು. ತನ್ನ ಮೈ ಹಗುರಾಗಿರುವುದು ಅವಳಿಗೆ ಆಗಷ್ಟೇ ಗೊತ್ತಾಯಿತು. ನಿನ್ನೆಯಿಂದ ಬಿಗಿದುಕೊಂಡಿದ್ದ ಹೆಗಲು ಮಂಚಕ್ಕೆ ತಾಗಿತ್ತು. ಪಿನ್ನಕ್ಕನ ಬೆರಳುಗಳ ಕೆಳಗೆ ಅವಳ ನಾಡಿ ಒಂದೊಂದೇ, ಒಂದೊಂದೇ, ಸಾವಕಾಶವಾಗಿ ಬರುತ್ತಿತ್ತು. ಎಷ್ಟು ನೆಮ್ಮದಿಯ ಎದೆ ಅದು! ಕೋಣೆಯೊಳಗಿನ ಸದ್ದು ಮಾತ್ರ ಇಳಿದಿರಲಿಲ್ಲ. ಅದು ಮೊದಲು ಹೇಗೆ ಓಡುತ್ತಿತ್ತೋ ಈಗಲೂ ಹಾಗೇ ಓಡುತ್ತಿತ್ತು, ಅವಳನ್ನು ಬಿಟ್ಟು, ತನ್ನ ಪಾಡಿಗೆ.

ಇಬ್ಬರೂ ಕೇಳಿದರು. ಪಿನ್ನಕ್ಕ ಅವಳ ಮುಂಗೈಯನ್ನು ಬಿಡಲಿಲ್ಲ. ಅವಳು ಮತ್ತೆ ಹೆದರಿಕೊಳ್ಳಲು ನೋಡಿದಳು. ಹೆದರಿಕೊಂಡರೆ ಎದೆ ಏರುತ್ತದೆ, ಏರಿದರೆ ಎರಡೂ ಮತ್ತೆ ಕೂಡಿಕೊಳ್ಳುತ್ತವೆ, ಆಗ ಮತ್ತೆ ಯಾರದ್ದೋ ಗೊತ್ತಿಲ್ಲ ಅಂತ ಅನ್ನಬಹುದು. ಬಸ್ಸಿನ ಗುಂಡಿಗಳನ್ನು ನೆನೆದಳು, ಒಂದು ಲೋಟ ಚಹಾ ಕೇಳಿದ ಹೆಂಗಸನ್ನು ಬೇಕೆಂದೇ ಕರೆದಳು. ಎದೆ ಜಪ್ಪಯ್ಯ ಅನ್ನಲಿಲ್ಲ.

"ಇದು ಮಗೂದು," ಅಂದಳು, ಪಾಠ ಮುಗಿಸುವವಳ ದನಿಯಲ್ಲಿಯೇ.

"ಹೂಂ," ಅಂದಳು ಪಿನ್ನಕ್ಕ. ಮೊಣಕೈಯಿಂದ ಕಣ್ಣು ಒರೆಸಿಕೊಂಡಳು. "ಮಗೂದೇ. ಏಳಬೇಡ, ಹಾಗೇ ಇರು. ಅಲ್ಲಾಡಬೇಡ. ಡಾಕ್ಟರ್ ಮೇಡಂನ ಕರ್ಕೊಂಡು ಬರ್ತೀನಿ. ಗೊತ್ತಾಯ್ತಲ್ಲ, ಸಾಕು. ಗೊತ್ತಾಗಿದ್ರೆ ಎಲ್ಲಾನೂ ಮಾಡ್ಬಹುದು." ನಿಧಾನವಾಗಿ ಪ್ರೋಬನ್ನು ತೆಗೆದಳು. ಬಡಿತ ತಟ್ಟನೆ 'ಕರ್' ಅಂದು ನಿಂತಿತು. ಆ ನಿಶ್ಶಬ್ದಕ್ಕೆ ಅವಳ ಜೀವ ಒಮ್ಮೆ ಬಾಯಿಗೆ ಬಂದು, ಒಳಗಿನಿಂದ ಒಂದು ಸಣ್ಣ ಒದೆತ ಬಿದ್ದ ಮೇಲೆ ಮತ್ತೆ ಕೆಳಗೆ ಕೂತಿತು. ಪಿನ್ನಕ್ಕ ಚಿಲಕಕ್ಕೆ ಕೈ ಹಾಕಿದ್ದಳು.

"ಅಕ್ಕ, ನಮ್ಮನೆಯವರಿಗೊಂದು ಫೋನ್ ಮಾಡಿ," ಅಂದಳು ಅವಳು, ಛಾವಣಿಯ ಕಡೆಗೇ ನೋಡುತ್ತ. "ನಾನಿನ್ನು ಮನೆಗೆ ಬರಲ್ಲ, ಮಗು ಆಗೋವರೆಗೂ ಇಲ್ಲೇ ಮಲಗಿರ್ತೀನಿ ಅಂತ ಹೇಳಿ. ಬೀಗ ದಿನಾ ನಾನೇ ತೆಗೆಯೋದು, ಅವರಿಗೆ ಬರಲ್ಲ. ಕೀಲಿಕೈ ಸ್ವಲ್ಪ ಮೇಲಕ್ಕೆತ್ತಿ ತಿರುಗಿಸಬೇಕು, ಅದನ್ನೂ ಹೇಳಿ."